ಕಾರಿನಲ್ಲಿ ರಷ್ಯನ್ ಕಲಿಯುವವಳಿಗೆ

ಪುಟ್ಟಿ, ಮುಂದಿನ ವರ್ಷ ಕೆಲಸದ ಮೇಲೆ ಮಾಸ್ಕೋಗೆ ಹೋಗುತ್ತೀಯೆಂದು ಕೇಳಿ ಬಹಳ ಸಂತೋಷವಾಯಿತು. ಬನಶಂಕರಿಯಿಂದ ವೈಟ್‌ಫೀಲ್ಡಿಗೆ ದಿನಾ ಹೋಗಿ ಬರುವ ಹೊತ್ತಿನಲ್ಲೇ ಆಡಿಯೊ ಪಾಠ ಹಾಕಿಕೊಂಡು ರಷ್ಯನ್ ಕಲಿಯುತ್ತೇನೆ ಅಂದೆಯಲ್ಲ, ಖಂಡಿತ ಕಲಿ. ಮೈಸೂರಿಗೂ ಬೆಂಗಳೂರಿಗೂ ವಾರಕ್ಕೆ ಎರಡು ಸಲ ಓಡಾಡುತ್ತಿದ್ದ ಕಾಲದಲ್ಲಿ ನಿನ್ನ ದೊಡ್ಡಪ್ಪನಾದ ನಾನೂ ಹೀಗೇ ಕಲಿತದ್ದು. ಆಗ ನನಗೆ 58 ವರ್ಷ. ಸೋವಿಯತ್ ಕಾಲದಲ್ಲಿ ಆ ದೇಶದಲ್ಲೇ ಅಚ್ಚಾಗಿ ಕನ್ನಡದಲ್ಲಿ ಬರುತ್ತಿದ್ದ ಪುಸ್ತಕಗಳನ್ನು ನವಕರ್ನಾಟಕದ ಮಳಿಗೆಯಲ್ಲಿ ಕೊಂಡು ಓದಿ ಬೆಳೆದವನು ನಾನು. ಆ ಜನರ ಮಾತು ಕಿವಿಯಾರೆ ಕೇಳಬೇಕೆಂಬ ಆಸೆ ಎಷ್ಟೋ ವರ್ಷದಿಂದ ಉಳಿದುಕೊಂಡಿತ್ತು.

ಮೊದಲ ಮಾತು, ಬಾಯಿ ಬಿಟ್ಟು ಹೇಳು. ನಾನು ಮೊದಲ ಎರಡು ತಿಂಗಳು ಹಾಡು ಕೇಳಿದ ಹಾಗೆ ಪಾಠ ಕೇಳಿದೆ. ಎಲ್ಲ ಅರ್ಥವಾದಂತೆಯೇ ಇತ್ತು. ಆಮೇಲೊಂದು ದಿನ ಮೈಸೂರಿನಲ್ಲಿ ಯೋಗ ಕಲಿಯಲು ಬಂದಿದ್ದ ರಷ್ಯನ್ ಹೆಂಗಸೊಬ್ಬರು ಎದುರಾದಾಗ ನಮಸ್ಕಾರ ಹೇಳುವುದಕ್ಕೂ ನನ್ನ ನಾಲಿಗೆ ಏಳಲಿಲ್ಲ. ಊರಿಗೆ ಹಿಂತಿರುಗಿ ಒಂದನೇ ಪಾಠದಿಂದ ಮತ್ತೆ ಶುರುಮಾಡಿದೆ. ಪಾಠ ಹೇಳುವವರು ‘ಇದನ್ನು ರಷ್ಯನ್ನಿನಲ್ಲಿ ಹೇಳಿ’ ಎಂದು ಕೆಲವು ಸೆಕೆಂಡು ಸುಮ್ಮನಿರುತ್ತಾರೆ. ಉತ್ತರ ಬರುವ ಮೊದಲೇ ನೀನು ಹೇಳಿಬಿಡಬೇಕು. ತಪ್ಪಾದರೆ ಆಗಲಿ, ಕಾರಿನೊಳಗೆ ನಿನ್ನನ್ನು ಕೇಳುವವರು ಯಾರೂ ಇಲ್ಲ. ತಪ್ಪು ಹೇಳಿದ ಮರುಕ್ಷಣ ಸರಿಯಾದದ್ದು ಕಿವಿಗೆ ಬಿದ್ದರೆ ಅದು ಮನಸ್ಸಿನಲ್ಲಿ ನಿಲ್ಲುವ ರೀತಿಯೇ ಬೇರೆ.

ನಮಸ್ಕಾರಕ್ಕೆ ಅವರ ಮಾತು ‘ಜ್ದ್ರಾಸ್ತ್ವುಯ್ತೆ’. ನೋಡಿದರೆ ಭಯವಾಗುತ್ತದೆ. ಅದನ್ನು ಬಾಲದಿಂದ ಹಿಡಿ: ತೆ, ವುಯ್ತೆ, ಸ್ತ್ವುಯ್ತೆ, ಜ್ದ್ರಾಸ್ತ್ವುಯ್ತೆ. ಒಳ್ಳೆಯ ಆಡಿಯೊ ಪಾಠಗಳಲ್ಲಿ ಉದ್ದದ ಪದಗಳನ್ನು ಹೀಗೆ ಕೊನೆಯಿಂದಲೇ ಕಟ್ಟಿಸುತ್ತಾರೆ. ‘ಆರೋಗ್ಯವಾಗಿರಿ’ ಎನ್ನುವುದು ಆ ಪದದ ಮೂಲ ಅರ್ಥ. ಕೊನೆಯ ‘ತೆ’ ಇದ್ದರೆ ಬಹುವಚನದ ಮರ್ಯಾದೆ, ತೆಗೆದರೆ ಏಕವಚನದ ಸಲಿಗೆ. ನಮ್ಮ ನೀನು, ನೀವುಗಳಂತೆ ಅಲ್ಲಿ ‘ತೀ’ ಮತ್ತು ‘ವೀ’ ಇವೆ. ಗುರುತಿಲ್ಲದವರಿಗೆ, ದೊಡ್ಡವರಿಗೆ ‘ವೀ’ ಎಂದೇ ಅನ್ನು.

ಇಲ್ಲಿ ನಿನಗೆ ಮುಖ್ಯವಾದದ್ದೊಂದು ಹೇಳಬೇಕು. ಪಾಠ ಇಂಗ್ಲಿಷಿನಲ್ಲಿರುತ್ತದೆ. ನೀನು ಮಾತ್ರ ಅದನ್ನು ಮನಸ್ಸಿನಲ್ಲಿ ಕನ್ನಡಕ್ಕೆ ತಂದುಕೊಂಡು ಆಮೇಲೆ ರಷ್ಯನ್ನಿಗೆ ಹೋಗು. ದಾರಿ ಹತ್ತಿರವಾಗುತ್ತದೆ. ‘ನಾನು ವೈದ್ಯ’ ಎನ್ನುವುದಕ್ಕೆ ಅವರು ‘ಯಾ ವ್ರಾಚ್’ ಎನ್ನುತ್ತಾರೆ, ನಮ್ಮ ಹಾಗೇ ಎರಡೇ ಪದ. ‘ನನ್ನ ಹತ್ತಿರ ಕಾರು ಇದೆ’ ಎನ್ನಲು ‘ಉ ಮೆನ್ಯಾ ಯೆಸ್ತ್ ಮಶೀನ’. ಇದನ್ನು ಒಂದೊಂದೇ ಪದ ಬಿಡಿಸಿ ನೋಡು, ‘ಹತ್ತಿರ ನನ್ನ ಇದೆ ಕಾರು’. ಚಳಿಯಾದರೆ ‘ಮ್ನೆ ಖೋಲದ್ನ’, ನನಗೆ ಚಳಿ. ಇಷ್ಟವಾದರೆ ‘ಮ್ನೆ ನ್ರಾವಿತ್ಸ’, ನನಗೆ ಇಷ್ಟ. ವಯಸ್ಸು ಕೇಳುವಾಗಲೂ ‘ನಿಮಗೆ ಎಷ್ಟು ವರ್ಷ’ ಎಂದೇ ಕೇಳುತ್ತಾರೆ. ಇಂಗ್ಲಿಷಿನವರು ತಿಂಗಳುಗಟ್ಟಲೆ ಒದ್ದಾಡುವ ಈ ‘ಗೆ’ ಪ್ರತ್ಯಯ ನಿನಗೆ ತಾಯಿಯ ಮಡಿಲಲ್ಲೇ ಬಂದಿದೆ. ರಷ್ಯನ್ನಿನಲ್ಲಿ ಆರು ವಿಭಕ್ತಿಗಳಿವೆ ಎಂದು ಯಾರಾದರೂ ಹೆದರಿಸಿದರೆ ಹೆದರಬೇಡ. ಶಾಲೆಯಲ್ಲಿ ‘ಉ, ಅನ್ನು, ಇಂದ, ಗೆ’ ಎಂದು ವಿಭಕ್ತಿ ಪ್ರತ್ಯಯಗಳನ್ನು ಬಾಯಿಪಾಠ ಮಾಡಿದವಳು ನೀನು.

ಉಚ್ಚಾರಣೆಯಲ್ಲೂ ಅಷ್ಟೆ. ರಷ್ಯನ್ನರ ತ, ದ ಹಲ್ಲಿಗೆ ನಾಲಿಗೆ ತಾಗಿ ಹುಟ್ಟುವಂಥವು, ನಮ್ಮವೇ. ರಕಾರವೂ ನಮ್ಮ ಹಾಗೆ ಗಟ್ಟಿ. ಸಂಸ್ಕೃತದಿಂದ ನಮಗೆ ಬಂದ ಎಷ್ಟೋ ಪದಗಳ ನೆಂಟರು ಅಲ್ಲಿ ಸಿಗುತ್ತಾರೆ. ದ್ವಾ ಎಂದರೆ ಎರಡು, ತ್ರಿ ಎಂದರೆ ಮೂರು. ದ್ವಾರಕ್ಕೆ ‘ದ್ವೇರ್’, ಭ್ರಾತೃವಿಗೆ ‘ಬ್ರಾತ್’, ಅಗ್ನಿಗೆ ‘ಅಗೋನ್’.

ಕಷ್ಟ ಇರುವುದು ಒತ್ತಿನಲ್ಲಿ. ನಾವು ಪ್ರತಿ ಅಕ್ಷರಕ್ಕೂ ಸಮನಾಗಿ ತೂಕ ಕೊಟ್ಟು ಮಾತಾಡುವವರು. ಅವರು ಒಂದು ಪದದಲ್ಲಿ ಒಂದೇ ಕಡೆ ಒತ್ತು ಹಾಕಿ ಉಳಿದದ್ದನ್ನು ನುಂಗುತ್ತಾರೆ. ಹಾಲಿಗೆ ಬರೆಯುವುದು ‘ಮೊಲೊಕೊ’, ಆಡುವುದು ‘ಮಲಕೋ’. ‘ಮೂಕ’ ಎಂದರೆ ಸಂಕಟ, ‘ಮುಕಾ’ ಎಂದರೆ ಹಿಟ್ಟು. ಬರೆಯುವುದು ಎರಡನ್ನೂ ಒಂದೇ ರೀತಿ. ಪುಸ್ತಕದಿಂದ ಶುರುಮಾಡಿದವರು ಇಲ್ಲೇ ಎಡವುತ್ತಾರೆ. ಕಾರಿನಲ್ಲಿ ಅಕ್ಷರ ಕಾಣದೆ ಬರೀ ಕಿವಿಯಿಂದ ಕಲಿಯುವುದು ಕೊರತೆಯೆಂದು ತಿಳಿಯಬೇಡ. ಈ ಭಾಷೆಯ ಮಟ್ಟಿಗೆ ಅದು ದೊಡ್ಡ ಅನುಕೂಲ.

ಇನ್ನೊಂದು. ‘ಅರ್ಥವಾಯಿತು’ ಎನ್ನಲು ಗಂಡಸು ‘ಯಾ ಪೋನ್ಯಲ್’ ಎಂದರೆ ನೀನು ‘ಯಾ ಪನ್ಯಲಾ’ ಎನ್ನಬೇಕು, ಹಿಂದಿಯ ಗಯಾ, ಗಯೀ ಇದ್ದ ಹಾಗೆ. ಪಾಠದಲ್ಲಿ ಹೆಣ್ಣುದನಿಯನ್ನೇ ಅನುಸರಿಸು.

ದಾರಿಯಲ್ಲಿ ನಿನಗೆ ಕಾಣುವುದನ್ನೇ ಮಾತಾಗಿಸು. ವಾಹನದಲ್ಲಿ ಹೋಗುವುದಕ್ಕೂ ನಡೆದು ಹೋಗುವುದಕ್ಕೂ ಅವರಲ್ಲಿ ಬೇರೆ ಬೇರೆ ಕ್ರಿಯಾಪದ. ಸ್ಟಿಯರಿಂಗ್ ಹಿಡಿದಾಗ ‘ಯಾ ಯೇದು ನ ರಬೋತು’, ನಾನು ಕೆಲಸಕ್ಕೆ ಹೋಗುತ್ತಿದ್ದೇನೆ. ಪಾರ್ಕಿಂಗಿನಿಂದ ಲಿಫ್ಟಿನ ತನಕ ನಡೆಯುವಾಗ ‘ಯಾ ಇದೂ’. ಇವೆರಡನ್ನು ವ್ಯಾಕರಣದ ಪುಸ್ತಕ ಹಲವು ಪುಟ ವಿವರಿಸುತ್ತದೆ. ನಿನಗೆ ದಿನಾ ಕಾರು ಹತ್ತಿ ಇಳಿಯುವುದರಲ್ಲೇ ಅದು ಬಂದುಬಿಡುತ್ತದೆ. ಸಿಲ್ಕ್ ಬೋರ್ಡ್ ಹತ್ತಿರ ನಿಂತಾಗ ಹೇಳಬೇಕಾದದ್ದು ‘ಯಾ ಸ್ತಯೂ ಫ್ ಪ್ರೋಪ್ಕೆ’. ‘ಪ್ರೋಪ್ಕ’ ಎಂದರೆ ಸೀಸೆಯ ಬಿರಡೆ. ರಷ್ಯನ್ನರು ಟ್ರಾಫಿಕ್ ಜಾಮಿಗೆ ಅದೇ ಪದ ಬಳಸುತ್ತಾರೆ. ಗಾಡಿ ಪೂರಾ ನಿಂತಿರುವಾಗ ಮುಂದಿನ ವಾಹನದ ನಂಬರನ್ನು ಒಂದೊಂದಾಗಿ ರಷ್ಯನ್ನಿನಲ್ಲಿ ಓದು. ಸಂಖ್ಯೆಗಳು ನನಗೆ ಬಂದದ್ದು ಹಾಗೆಯೇ.

ದಿನಕ್ಕೊಂದು ಹೊಸ ಪಾಠ ಮುಗಿಸಲೇಬೇಕೆಂಬ ಆತುರ ಬೇಡ. ಪಾಲ್ ಪಿಮ್ಸ್ಲರ್ ಎಂಬ ಅಮೆರಿಕದ ಭಾಷಾ ತಜ್ಞರು 1967ರಲ್ಲಿ ನೆನಪಿನ ವೇಳಾಪಟ್ಟಿಯೊಂದನ್ನು ಮುಂದಿಟ್ಟರು. ಹೊಸ ಪದವನ್ನು 5 ಸೆಕೆಂಡು, 25 ಸೆಕೆಂಡು, ಆಮೇಲೆ 2 ನಿಮಿಷ, 10 ನಿಮಿಷ, 1 ಗಂಟೆ, 5 ಗಂಟೆ, 1 ದಿನ, 5 ದಿನ, ಹೀಗೆ ಅಂತರವನ್ನು ಹಿಗ್ಗಿಸುತ್ತಾ ನೆನಪಿಸಿಕೊಂಡರೆ ಅದು ಉಳಿಯುತ್ತದೆ ಎಂಬುದು ಅವರ ಲೆಕ್ಕ. ಅವರ ಹೆಸರಿನ ಅರ್ಧ ಗಂಟೆಯ ಪಾಠಗಳು ಇಂದಿಗೂ ಚಾಲ್ತಿಯಲ್ಲಿವೆ. ನಿನ್ನ ದಿನಚರಿ ಈ ಲೆಕ್ಕಕ್ಕೆ ಚೆನ್ನಾಗಿ ಹೊಂದುತ್ತದೆ. ಬೆಳಗ್ಗೆ ಹೋಗುವಾಗ ಕೇಳಿದ ಪಾಠವನ್ನೇ ಸಂಜೆ ಬರುವಾಗ ಕೇಳು. ಮಾರನೆಯ ಬೆಳಗ್ಗೆ ಅದರಲ್ಲಿ ಹತ್ತಕ್ಕೆ ಎಂಟು ವಾಕ್ಯ ಬಾಯಿಗೆ ಬಂದರೆ ಮುಂದಿನದಕ್ಕೆ ಹೋಗು, ಬಾರದಿದ್ದರೆ ಅದನ್ನೇ ಇನ್ನೊಮ್ಮೆ ಹಾಕು.

ಈಗ ಹೇಳುವುದನ್ನು ದಯವಿಟ್ಟು ಮನಸ್ಸಿಟ್ಟು ಕೇಳು. ಒಂದು ಸಂಜೆ ರಾಮನಗರದ ಹತ್ತಿರ ಒಂದು ಉದ್ದನೆಯ ವಾಕ್ಯ ಹೇಳಲು ಹೆಣಗುತ್ತಿದ್ದೆ. ತಲೆಯ ಮೇಲೆ ಹುಲ್ಲಿನ ಹೊರೆ ಹೊತ್ತ ಅಜ್ಜಿಯೊಬ್ಬರು ರಸ್ತೆಗೆ ಇಳಿದದ್ದು ನನಗೆ ಕಂಡದ್ದು ತೀರಾ ತಡವಾಗಿ. ಬ್ರೇಕ್ ಹಿಡಿಯಿತು, ಅವರು ದಾಟಿ ಹೋದರು. ನಾನು ಗಾಡಿ ಪಕ್ಕಕ್ಕೆ ಹಾಕಿ ಬಹಳ ಹೊತ್ತು ಕೂತಿದ್ದೆ, ಕೈ ನಡುಗುವುದು ನಿಂತಿರಲಿಲ್ಲ. ಅಂದಿನಿಂದ ಮಳೆಯಲ್ಲಿ, ಕತ್ತಲಲ್ಲಿ, ಗೊತ್ತಿಲ್ಲದ ರಸ್ತೆಯಲ್ಲಿ, ಶಾಲೆ ಬಿಡುವ ಹೊತ್ತಿನಲ್ಲಿ ಪಾಠ ಹಾಕುವುದೇ ಇಲ್ಲ. ಮನಸ್ಸು ಉತ್ತರ ಹುಡುಕುವಾಗ ಕಣ್ಣು ತೆರೆದಿದ್ದರೂ ನೋಡುವುದಿಲ್ಲ. ವಾಕ್ಯ ತಪ್ಪಿದರೆ ತಪ್ಪಲಿ, ಹಿಂದಕ್ಕೆ ತಿರುಗಿಸಲು ಮೊಬೈಲ್ ಕೈಗೆತ್ತಿಕೊಳ್ಳಬೇಡ. ಅದು ಕಾನೂನಿನಲ್ಲೂ ತಪ್ಪು. ಇಯರ್‌ಫೋನ್ ಬೇಡ, ಕಾರಿನ ಸ್ಪೀಕರಿನಲ್ಲೇ ಕೇಳು. ಆಂಬುಲೆನ್ಸಿನ ಸದ್ದು ನಿನಗೆ ಕೇಳಿಸಬೇಕು.

ತಿಂಗಳು ಕಳೆದ ಮೇಲೆ ಭಾನುವಾರಗಳಲ್ಲಿ ಮೇಜಿನ ಮುಂದೆ ಕೂತು ಲಿಪಿ ಕಲಿ. ಇರುವುದು 33 ಅಕ್ಷರ. ಇಂಗ್ಲಿಷಿನ ಪಿಯಂತೆ ಕಾಣುವುದು ಅಲ್ಲಿ ರ, ಎಚ್‌ನಂತೆ ಕಾಣುವುದು ನ, ಬಿಯಂತೆ ಕಾಣುವುದು ವ. ಕಿವಿಗೆ ಆಗಲೇ ಪದ ಗೊತ್ತಿರುವುದರಿಂದ ಎರಡು ಮೂರು ಭಾನುವಾರ ಸಾಕು.

ನಾಳೆ ಬೆಳಗ್ಗೆ ಗಾಡಿ ಸ್ಟಾರ್ಟ್ ಮಾಡುವ ಮೊದಲೇ ಪಾಠ ಹಾಕಿ, ಫೋನನ್ನು ಬ್ಯಾಗಿನೊಳಗೆ ಇಟ್ಟುಬಿಡು. ಸಂಜೆ ಮನೆ ಸೇರಿದ ಮೇಲೆ ನನಗೊಂದು ಫೋನ್ ಮಾಡು, ‘ಜ್ದ್ರಾಸ್ತ್ವುಯ್ತೆ’ ನಿನ್ನ ಬಾಯಿಂದ ಕೇಳಬೇಕು.