ಹೆರಿಗೆ ರಜೆ ಮತ್ತು ನಮ್ಮ ಹಾಜರಿ ಪುಸ್ತಕ

ಕಾಫಿ ಕೊಯ್ಲು ಮುಗಿದು ಬಟವಾಡೆಯ ಲೆಕ್ಕ ನೋಡುವ ಹೊತ್ತಿಗೆ ನಮ್ಮ ಕಛೇರಿಗೆ ಪ್ರತಿ ವರ್ಷ ಬರುವ ಪ್ರಶ್ನೆ ಒಂದಿದೆ. ತೋಟದ ಹೆಣ್ಣಾಳು ಬಸುರಿಯಾದರೆ ರಜೆಯ ಸಂಬಳ ಕೊಡಬೇಕೆ? ಎಷ್ಟು ದಿನದ್ದು? ಬಿಳಿಗಿರಿರಂಗನ ಬೆಟ್ಟದ ಕಾಫಿ ಬೆಳೆಗಾರರೂ ಕೇಳುತ್ತಾರೆ, ಗುಂಡ್ಲುಪೇಟೆ ಕಡೆಯ ಅಡಿಕೆ ತೋಟದವರೂ ಕೇಳುತ್ತಾರೆ. ಇಬ್ಬರಿಗೂ ಉತ್ತರ ಒಂದೇ ಅಲ್ಲ.

1951ರ ಪ್ಲಾಂಟೇಶನ್ ಲೇಬರ್ ಕಾಯಿದೆಯೂ 1961ರ ಹೆರಿಗೆ ಸೌಲಭ್ಯ ಕಾಯಿದೆಯೂ 2025ರ ನವೆಂಬರ್ 21ರಿಂದ ಕೇಂದ್ರದ ಹೊಸ ಕಾರ್ಮಿಕ ಸಂಹಿತೆಗಳಲ್ಲಿ ಸೇರಿಹೋಗಿವೆ. ಹೆಸರು ಬದಲಾದರೂ ಹೆರಿಗೆಯ ಲೆಕ್ಕ ಬಹುಮಟ್ಟಿಗೆ ಹಿಂದಿನದೇ. ಚಹಾ, ಕಾಫಿ, ರಬ್ಬರ್, ಸಿಂಕೋನ, ಏಲಕ್ಕಿ ಈ ಐದು ಬೆಳೆಗಳಿಗೆ 5 ಹೆಕ್ಟೇರ್, ಎಂದರೆ ಸುಮಾರು 12 ಎಕರೆ 14 ಗುಂಟೆ, ಎಂಬುದು ಗಡಿ. ಅಡಿಕೆಯ ಹೆಸರು ಈ ಪಟ್ಟಿಯಲ್ಲಿಲ್ಲ. ಬೇರೆ ಬೆಳೆಯನ್ನು ಸೇರಿಸಬೇಕಾದರೆ ರಾಜ್ಯ ಸರ್ಕಾರವು ಕೇಂದ್ರದ ಒಪ್ಪಿಗೆ ಪಡೆದು ಅಧಿಸೂಚನೆ ಹೊರಡಿಸಬೇಕು. ಪಹಣಿ ಹರಿದು ಗಡಿಯ ಕೆಳಗೆ ಇಳಿಯುವ ಉಪಾಯ ಹೇಳುವವರಿದ್ದಾರೆ. ಅದನ್ನು ಹೇಳಿಕೊಡುವವರು ನಾವಲ್ಲ.

ಕಾನೂನಿಗೆ ಒಳಪಟ್ಟ ತೋಟದಲ್ಲಿ, ಹೆರಿಗೆಯ ನಿರೀಕ್ಷಿತ ದಿನಕ್ಕೆ ಹಿಂದಿನ 12 ತಿಂಗಳಲ್ಲಿ 80 ದಿನ ದುಡಿದವಳಿಗೆ 26 ವಾರ ವೇತನಸಹಿತ ರಜೆ ಸಲ್ಲುತ್ತದೆ. ಇದರಲ್ಲಿ ಹೆರಿಗೆಗೆ ಮುಂಚೆ 8 ವಾರಕ್ಕೆ ಮೀರದಂತೆ ಪಡೆಯಬಹುದು. ಈಗಾಗಲೇ ಇಬ್ಬರು ಮಕ್ಕಳಿದ್ದರೆ 12 ವಾರ. ಗರ್ಭ ಇಳಿದುಹೋದರೆ 6 ವಾರ, ಸಂತಾನಹರಣ ಶಸ್ತ್ರಚಿಕಿತ್ಸೆಗೆ 2 ವಾರ. ಹೆರಿಗೆಯಾದ 6 ವಾರದೊಳಗೆ ಆಕೆಯಿಂದ ಕೆಲಸ ಮಾಡಿಸಕೂಡದು, ತಾನಾಗಿ ಬಂದರೂ ಸರಿ. ರಜೆಯಲ್ಲಿದ್ದಾಗ ಕೆಲಸದಿಂದ ತೆಗೆಯುವಂತೆಯೂ ಇಲ್ಲ.

ವಾರವೆಂದರೆ 6 ದಿನವೋ 7 ದಿನವೋ ಎಂಬ ಜಗಳ ಹಳೆಯದು. ಕೊಯಮತ್ತೂರು ಕಡೆಯ ಒಂದು ಎಸ್ಟೇಟಿನವರು ಭಾನುವಾರಗಳನ್ನು ಕಳೆದು, 84 ದಿನದ ಬದಲು 72 ದಿನಕ್ಕೆ ಮಾತ್ರ ಹಣ ಕೊಟ್ಟಿದ್ದರು. 1977ರಲ್ಲಿ ಸುಪ್ರೀಂ ಕೋರ್ಟು ಭಾನುವಾರವೂ ಸೇರತಕ್ಕದ್ದೆಂದು ತೀರ್ಪಿತ್ತಿತು. ದಿನಕ್ಕೆ 500 ರೂಪಾಯಿ ಕೂಲಿ ಎಂದು ಹಿಡಿದರೆ 26 ವಾರಕ್ಕೆ 182 ದಿನ, 91,000 ರೂಪಾಯಿ. ಭಾನುವಾರ ಕಳೆದರೆ 78,000. ಬಾಣಂತಿಯ ಮನೆಗೆ ಆ 13,000 ಸಣ್ಣ ಮೊತ್ತವಲ್ಲ.

ಇಷ್ಟೆಲ್ಲಾ ನಿಂತಿರುವುದು 80 ದಿನದ ಮೇಲೆ. ಆ 80 ದಿನ ನಿಂತಿರುವುದು ಮಸ್ಟರಿನ ಮೇಲೆ. ದಿನಗೂಲಿಯವರಿಗೂ ಈ ಸೌಲಭ್ಯ ಉಂಟೆಂದು ದೆಹಲಿ ನಗರಪಾಲಿಕೆಯ ಮಸ್ಟರ್ ರೋಲ್ ಹೆಂಗಸರ ಮೊಕದ್ದಮೆಯಲ್ಲಿ 2000ನೇ ಇಸವಿಯಲ್ಲೇ ತೀರ್ಮಾನವಾಗಿದೆ. ಆದರೆ ನಮ್ಮಲ್ಲಿ ನಡೆಯುವುದೇನು? ಪೋಡಿನಿಂದ ಮೇಸ್ತ್ರಿ ಗುಂಪು ಕರೆತರುತ್ತಾನೆ. ಪುಸ್ತಕದಲ್ಲಿ ಮೇಸ್ತ್ರಿಯ ಹೆಸರು, ಎದುರಿಗೆ 'ಆಳು 12'. ಕೊಯ್ಲಿನಲ್ಲಂತೂ ಕೆ.ಜಿ. ಲೆಕ್ಕ, ಎಷ್ಟು ಹಣ್ಣು ಕೊಯ್ದಳೆಂದು ಬರೆಯುತ್ತೇವೆ, ಯಾವ ದಿನ ಎಂದು ಬರೆಯುವುದಿಲ್ಲ. ಮೂರು ತಿಂಗಳು ದುಡಿದವಳು ಕಾಗದದ ಮೇಲೆ ಒಂದು ದಿನವೂ ದುಡಿದಿರುವುದಿಲ್ಲ. ಕೆ.ಜಿ. ಚೀಟಿಯಲ್ಲೂ ಆಕೆಯ ಹೆಸರು ಮತ್ತು ತಾರೀಕು ಇರಲಿ. ಸಂಬಳದ ರಜೆಯ ದಿನಗಳನ್ನೂ 80ರಲ್ಲಿ ಸೇರಿಸಬೇಕು. ಆ 80 ದಿನ ಒಬ್ಬ ಮಾಲೀಕನ ಬಳಿಯೇ ಆಗಿರಬೇಕೆಂಬುದು ನಿಯಮ. ಅರ್ಧ ನಮ್ಮಲ್ಲಿ, ಅರ್ಧ ವಯನಾಡಿನಲ್ಲಿ ದುಡಿದವಳಿಗೆ ಎರಡೂ ಕಡೆ ದಕ್ಕದು. ಇದು ನಮಗೆ ಸರಿಕಾಣುವುದಿಲ್ಲ.

ಕಾಯಿಲೆಯ ವಿಷಯ: ತೋಟದ ಮಾಲೀಕರು ಇಚ್ಛಿಸಿದರೆ ಇ.ಎಸ್.ಐ. ಸೇರಲು ಹೊಸ ಸಂಹಿತೆಯಲ್ಲಿ ಅವಕಾಶವಿದೆ; ಅದರಲ್ಲಿ ವರ್ಷಕ್ಕೆ 91 ದಿನದವರೆಗೆ ನೂರಕ್ಕೆ 70ರಷ್ಟು ವೇತನ ಸಿಗುತ್ತದೆ. 2025ರ ನವೆಂಬರಿನಲ್ಲಿ ರಾಜ್ಯ ಸರ್ಕಾರ ಹೊರಡಿಸಿದ ಮುಟ್ಟಿನ ರಜೆಯ ಆದೇಶ, ತಿಂಗಳಿಗೊಂದರಂತೆ ವರ್ಷಕ್ಕೆ 12 ದಿನ, ನೋಂದಾಯಿತ ಪ್ಲಾಂಟೇಶನ್ನುಗಳನ್ನೂ ಹೆಸರಿಸಿತ್ತು. ಅದನ್ನು ಹೈಕೋರ್ಟಿನಲ್ಲಿ ಪ್ರಶ್ನಿಸಲಾಯಿತು.

ನಮ್ಮ ಸದಸ್ಯರಲ್ಲಿ ಹೆಚ್ಚಿನವರು 5 ಹೆಕ್ಟೇರಿನ ಕೆಳಗಿನವರು. ಇವರ ಆಳುಗಳಿಗೆ ಇರುವುದು ಪ್ರಧಾನಮಂತ್ರಿ ಮಾತೃ ವಂದನಾ ಯೋಜನೆ: ಮೊದಲ ಮಗುವಿಗೆ 5,000 ರೂಪಾಯಿ, ಎರಡನೆಯದು ಹೆಣ್ಣಾದರೆ 6,000. ಅಂಗನವಾಡಿಯಲ್ಲಿ ಹೆಸರು ಬರೆಸಬೇಕು. ಆಧಾರ್, ಬ್ಯಾಂಕ್ ಪುಸ್ತಕ, ತಾಯಿ ಕಾರ್ಡ್ ಜೊತೆಗಿರಲಿ. ಇದಕ್ಕೆ ಒಂದು ದಿನವಾದರೂ ಹಿಡಿಯುತ್ತದೆ. ಆ ದಿನದ ಕೂಲಿಯನ್ನು ಹಿಡಿಯದೆ ಕಳುಹಿಸಿಕೊಡಿ.