ಮಗಳು ಕಾಲೇಜು ಸೇರಿದರೆ ಸಾಲದು, ಮುಗಿಸಬೇಕು



ನಂದಗಡ ಸುತ್ತಿನ ಒಂದು ಹಳ್ಳಿಯ ಹುಡುಗಿ ಪಿಯುಸಿ ಪಾಸಾಗಿ ಡಿಗ್ರಿಗೆ ಸೇರಿದಳು. ತಾಯಿ ಸಂಘದಿಂದ ಸಾಲ ಎತ್ತಿ ಫೀ ಕಟ್ಟಿದಳು. ದೀಪಾವಳಿ ಹೊತ್ತಿಗೆ ಮಗಳು ಮನೆಯಲ್ಲಿ! "ಯಾಕವ್ವಾ ಬಿಟ್ಟಿ?" ಎಂದೆ. "ಇಂಗ್ಲಿಷ್ ಪಾಠ ತಿಳೀಲಿಲ್ರಿ ಸಿಸ್ಟರ್. ಸ್ಕಾಲರ್‌ಶಿಪ್ ರೊಕ್ಕಾನೂ ಬರಲಿಲ್ಲ. ಯಾರನ್ನ ಕೇಳಬೇಕು ಗೊತ್ತಾಗಲಿಲ್ರಿ" ಅಂದಳು. ಫೀ ಕಟ್ಟಿದ ಮೇಲೆ ನಾವೂ ಅವಳನ್ನು ವಿಚಾರಿಸಿರಲಿಲ್ಲ.

ಅಧ್ಯಯನ ಏನು ಹೇಳುತ್ತದೆ?

ಅಮೇರಿಕಾದ ನ್ಯೂಯಾರ್ಕ್ ನಗರ ವಿಶ್ವವಿದ್ಯಾಲಯ 2007ರಲ್ಲಿ ಬಡ ವಿದ್ಯಾರ್ಥಿಗಳಿಗಾಗಿ ಒಂದು ಕಾರ್ಯಕ್ರಮ ಆರಂಭಿಸಿತು. ಫೀ ಸಹಾಯದ ಜೊತೆಗೆ ಓಡಾಟದ ಪಾಸು, ಪುಸ್ತಕ, ಹೆಚ್ಚಿನ ಪಾಠ, ಮತ್ತೆ ಮತ್ತೆ ಭೇಟಿಯಾಗಿ ವಿಚಾರಿಸುವ ಒಬ್ಬ ಸಲಹೆಗಾರರು. ಪರೀಕ್ಷಿಸಿ ನೋಡಿದಾಗ, ಮೂರು ವರ್ಷದಲ್ಲಿ ಕೋರ್ಸ್ ಮುಗಿಸಿದವರು ಸಹಾಯ ಇಲ್ಲದವರಲ್ಲಿ ನೂರಕ್ಕೆ 22, ಸಹಾಯ ಪಡೆದವರಲ್ಲಿ 40. ಅಂದರೆ ಹಣವೊಂದೇ ಸಾಲದು, ಜೊತೆಗೆ ನಿಲ್ಲುವವರೂ ಬೇಕು.

ನಮ್ಮಲ್ಲಿ ಏನಿದೆ?

1. ಬಸ್ಸು: 2023ರ ಜೂನ್‌ನಿಂದ ಶಕ್ತಿ ಯೋಜನೆಯಲ್ಲಿ ಹೆಣ್ಣುಮಕ್ಕಳಿಗೆ ಉಚಿತ.

2. ಸರ್ಕಾರಿ ವಿದ್ಯಾರ್ಥಿವೇತನ: ಎಸ್‌ಎಸ್‌ಪಿ ಪೋರ್ಟಲ್‌ನಲ್ಲಿ ಅರ್ಜಿ. ಜಾತಿ, ಆದಾಯ ಪ್ರಮಾಣಪತ್ರ ನಾಡಕಚೇರಿಯಲ್ಲಿ ಮೊದಲೇ ಮಾಡಿಸಿರಿ. ಮಗಳ ಬ್ಯಾಂಕ್ ಖಾತೆಗೆ ಆಧಾರ್ ಜೋಡಣೆ ಆಗಿರಲೇಬೇಕು. ಆ ಹುಡುಗಿಯ ರೊಕ್ಕ ನಿಂತದ್ದು ಇಲ್ಲೇ.

3. ಸಿದ್ದಿ ಕುಟುಂಬಗಳು: ಮೊದಲು ಉತ್ತರ ಕನ್ನಡದ ಸಿದ್ದಿಗಳಿಗೆ ಮಾತ್ರ ಇದ್ದ ಪರಿಶಿಷ್ಟ ಪಂಗಡದ ಸ್ಥಾನ 2020ರಲ್ಲಿ ಬೆಳಗಾವಿ, ಧಾರವಾಡ ಜಿಲ್ಲೆಗಳಿಗೂ ಸಿಕ್ಕಿತು. ಖಾನಾಪುರ ಕಾಡಿನ ಊರುಗಳ ಸಹೋದರಿಯರು ಮಕ್ಕಳ ಪ್ರಮಾಣಪತ್ರ ಮಾಡಿಸಿಕೊಳ್ಳಿರಿ.

4. ಅಜೀಂ ಪ್ರೇಮ್‌ಜಿ ವಿದ್ಯಾರ್ಥಿವೇತನ: 2025ರಲ್ಲಿ ನಮ್ಮ ರಾಜ್ಯಕ್ಕೂ ಬಂದಿದೆ. ಹತ್ತನೇ ತರಗತಿ, ಪಿಯುಸಿ ಎರಡನ್ನೂ ಸರ್ಕಾರಿ ಶಾಲೆ-ಕಾಲೇಜಿನಲ್ಲಿ ಓದಿ, ಡಿಗ್ರಿ ಅಥವಾ ಡಿಪ್ಲೊಮಾ ಮೊದಲ ವರ್ಷಕ್ಕೆ ಸೇರಿದ ಹುಡುಗಿಯರಿಗೆ ವರ್ಷಕ್ಕೆ 30,000 ರೂಪಾಯಿ.

ಸಂಘ ಏನು ಮಾಡಬಹುದು?

ಜೊತೆಗೆ ನಿಲ್ಲುವ ಕೆಲಸಕ್ಕೆ ಯಾವ ಯೋಜನೆಗೂ ಕಾಯಬೇಕಿಲ್ಲ. ಸಾಲದ ಕಂತು ಬಂತೋ ಇಲ್ಲವೋ ಎಂದು ವಾರ ವಾರ ಕೇಳುತ್ತೇವೆ. ಹಾಗೆಯೇ "ಮಗಳು ಕಾಲೇಜಿಗೆ ಹೋದಳಾ?" ಎಂದೂ ಕೇಳೋಣ. ಡಿಗ್ರಿ ಮುಗಿಸಿದ ಊರಿನ ಒಬ್ಬ ಅಕ್ಕನನ್ನು ಹೊಸದಾಗಿ ಸೇರಿದವಳ ಜೊತೆ ಮಾಡೋಣ. ಮೊದಲ ಆರು ತಿಂಗಳು ಬಹಳ ನಾಜೂಕು.

ಚರ್ಚೆಗೆ

- ನಮ್ಮ ಸಂಘದಲ್ಲಿ ಯಾರ ಮಕ್ಕಳು ಕಾಲೇಜು ಬಿಟ್ಟಿದ್ದಾರೆ? ಕಾರಣ ಏನು?
- ಅವರಲ್ಲಿ ಯಾರನ್ನು ಮತ್ತೆ ಕಳಿಸಬಹುದು?

ಹೆಸರುಗಳನ್ನು ಠರಾವು ಪುಸ್ತಕದಲ್ಲಿ ಬರೆದು, ಮುಂದಿನ ಸಭೆಗೆ ತನ್ನಿರಿ. ಆ ಹುಡುಗಿಯ ಹೆಸರು ನಾನು ಮೊದಲು ಬರೆದಿದ್ದೇನೆ. ದೇವರು ನಮ್ಮ ಪ್ರಯತ್ನವನ್ನು ಆಶೀರ್ವದಿಸಲಿ.