ದುರಂತ ನಾಟಕಗಳು ಎಲ್ಲಿ ಹೋದವು?

ಪ್ರಶ್ನೆ: ನಮ್ಮ ಭಾಗದ ಹಿರಿಯರು ‘ಸಂಗ್ಯಾ-ಬಾಳ್ಯಾ’, ‘ರಕ್ತರಾತ್ರಿ’ ನೋಡಿ ಕಣ್ಣೀರು ಹಾಕಿದ್ದನ್ನು ಈಗಲೂ ನೆನೆಯುತ್ತಾರೆ. ಇಂದು ಜಾತ್ರೆಗೆ ಬರುವ ನಾಟಕಗಳಲ್ಲಿ ನಗೆಯೇ ಹೆಚ್ಚು. ಹೊಸ ಸಾಹಿತ್ಯದಲ್ಲೂ ಆ ಬಗೆಯ ದುರಂತ ನಾಟಕ ಅಪರೂಪ. ಇದೇಕೆ ಹೀಗಾಯಿತು? ಜನರಿಗೆ ದುಃಖ ಬೇಡವಾಯಿತೇ?
(ಓದುಗರೊಬ್ಬರು, ಉಟಗಿ, ಜತ್ತ ತಾಲ್ಲೂಕು, ಸಾಂಗ್ಲಿ ಜಿಲ್ಲೆ)

ಉತ್ತರ: ದುಃಖ ಯಾರಿಗೂ ಬೇಡವಾಗಿಲ್ಲ. ವರ್ಷಗಟ್ಟಲೆ ನಡೆಯುವ ಟಿ.ವಿ. ಧಾರಾವಾಹಿಗಳಲ್ಲಿ ದಿನವೂ ಅಳು ಇದೆ, ಅದನ್ನು ನೋಡುವವರೂ ಇದ್ದಾರೆ. ನಮಗೆ ಸಹಿಸಲಾಗದ ಮಾತು ಎರಡು: ಆದ ಅನಾಹುತದಲ್ಲಿ ನನ್ನ ಕೈಯೂ ಇದೆ ಎಂಬುದೊಂದು, ಹೋದದ್ದು ಮರಳಿ ಬರುವುದಿಲ್ಲ ಎಂಬುದು ಇನ್ನೊಂದು. ದುರಂತ ನಾಟಕ ಈ ಎರಡು ಮಾತಿನ ಮೇಲೆ ನಿಂತಿದೆ. ಅವನ್ನು ಊರೆಲ್ಲ ಕೂತು ಕೇಳುವ ರೂಢಿ ಕಡಿಮೆಯಾದಷ್ಟೂ ಆ ನಾಟಕವೂ ಹಿಂದೆ ಸರಿಯಿತು.

ನೀವೇ ಹೆಸರಿಸಿದ ‘ಸಂಗ್ಯಾ-ಬಾಳ್ಯಾ’ವನ್ನು ನೋಡಿ. ಬೈಲಹೊಂಗಲದಲ್ಲಿ ನಡೆದ ಕೊಲೆಯ ಕಥೆ ಎಂದೇ ಪ್ರಸಿದ್ಧವಾದ ಈ ಸಣ್ಣಾಟದಲ್ಲಿ ರಾಕ್ಷಸನಿಲ್ಲ, ದೇವರ ಶಾಪವಿಲ್ಲ. ಸಂಗ್ಯಾ ಉಳ್ಳವರ ಮನೆಯ ಹುಡುಗ. ಈರ್ಯಾನ ಹೆಂಡತಿ ಗಂಗಾಳ ಮೇಲೆ ಅವನ ಮನಸ್ಸು ಹೋಗುತ್ತದೆ. ಮೊದಲು ಹೇಳಿಕಳಿಸಿದಾಗ ಅವಳು ಒಪ್ಪುವುದಿಲ್ಲ. ಗಂಡ ವ್ಯಾಪಾರಕ್ಕೆಂದು ಊರು ಬಿಟ್ಟ ಹೊತ್ತಿನಲ್ಲಿ ಅವಳ ಮನಸ್ಸೂ ಸಡಿಲುತ್ತದೆ. ಜೀವದ ಗೆಳೆಯ ಬಾಳ್ಯಾ ಕೊನೆಗೆ ದುಡ್ಡಿನ ಆಸೆಗೆ ಬಿದ್ದು ಸಂಗ್ಯಾನನ್ನು ಕೊಲ್ಲುವವರ ಕೈಗೆ ಒಪ್ಪಿಸುತ್ತಾನೆ. ಇವರಲ್ಲಿ ಯಾರೂ ಪೂರ್ತಿ ಕೆಟ್ಟವರಲ್ಲ, ಯಾರೂ ನಿರಪರಾಧಿಗಳೂ ಅಲ್ಲ. ಒಬ್ಬೊಬ್ಬರೂ ಒಂದೊಂದು ಹೆಜ್ಜೆ ತಾವೇ ಇಟ್ಟಿದ್ದಾರೆ, ಎಲ್ಲ ಹೆಜ್ಜೆಗಳೂ ಕೂಡಿ ಒಂದು ಕೊಲೆಯಾಗಿದೆ. ಕಥೆಯ ಕೊನೆ ಮೊದಲೇ ಗೊತ್ತಿದ್ದ ಜನ ಬೆಳಗಿನವರೆಗೆ ಕೂತದ್ದು ಮುಂದೇನಾಗುತ್ತದೆ ಎಂಬ ಕುತೂಹಲಕ್ಕಲ್ಲ. ಇನ್ನೊಂದು ಹೆಜ್ಜೆ ಹಿಂದೆ ಇಟ್ಟಿದ್ದರೆ ಬದುಕುತ್ತಿದ್ದನಲ್ಲ ಎಂಬ ಸಂಕಟ ಅವರನ್ನು ಕೂರಿಸಿತ್ತು.

ರಸ್ತೆಯ ಅಪಘಾತಕ್ಕೂ ದುರಂತ ನಾಟಕಕ್ಕೂ ಇರುವ ಅಂತರ ಇದೇ. ಅಪಘಾತ ಹೊರಗಿನಿಂದ ಬಂದು ಎರಗುತ್ತದೆ. ದುರಂತ ನಾಯಕನ ಗುಣದಿಂದಲೇ ಹುಟ್ಟುತ್ತದೆ, ಬಹಳ ಸಲ ಅವನ ದೊಡ್ಡ ಗುಣದಿಂದಲೇ. ಸೊಫೊಕ್ಲಿಸ್‌ನ ಈಡಿಪಸ್ ಸತ್ಯ ಹುಡುಕಲು ಹಟ ಹಿಡಿಯದಿದ್ದರೆ ರಾಜನಾಗಿಯೇ ಉಳಿಯುತ್ತಿದ್ದ. ಊರಿಗೆ ಬಂದ ಪಿಡುಗಿನ ಮೂಲ ಪತ್ತೆ ಮಾಡಲು ಹೊರಟ ಒಳ್ಳೆಯ ಅರಸ, ಆ ಮೂಲ ತಾನೇ ಎಂಬಲ್ಲಿಗೆ ಬಂದು ನಿಲ್ಲುತ್ತಾನೆ.

ಭಾರತೀಯರಿಗೆ ದುರಂತ ಗೊತ್ತೇ ಇರಲಿಲ್ಲ, ಅದು ಪಶ್ಚಿಮದಿಂದ ಬಂದ ಸರಕು ಎನ್ನುವವರಿದ್ದಾರೆ. ಈ ಮಾತು ಅರ್ಧ ಮಾತ್ರ ನಿಜ. ಸಂಸ್ಕೃತ ನಾಟಕದ ಸಂಪ್ರದಾಯ ರಂಗದ ಮೇಲೆ ಸಾವು ತೋರಿಸಲು ಒಪ್ಪದು, ಮಂಗಳದಲ್ಲಿ ಮುಗಿಸುವುದು ಅದರ ರೀತಿ. ಭಾಸನ ‘ಊರುಭಂಗ’ ಆ ಕಟ್ಟು ಮುರಿಯಿತು, ಅಲ್ಲಿ ತೊಡೆ ಮುರಿದ ದುರ್ಯೋಧನ ಪ್ರೇಕ್ಷಕರ ಎದುರೇ ಪ್ರಾಣ ಬಿಡುತ್ತಾನೆ. ಅದೇ ದುರ್ಯೋಧನನನ್ನು ಹತ್ತನೆಯ ಶತಮಾನದಲ್ಲಿ ಮುಧೋಳದ ರನ್ನ ‘ಗದಾಯುದ್ಧ’ದಲ್ಲಿ ಕೈಗೆತ್ತಿಕೊಂಡ. ರಣರಂಗದಲ್ಲಿ ಹೆಣಗಳನ್ನು ದಾಟುತ್ತ ಅರಸ ನಡೆಯುತ್ತಾನೆ. ಒಂದು ಕಡೆ ಗುರು ದ್ರೋಣ, ಒಂದು ಕಡೆ ತಮ್ಮ ದುಶ್ಶಾಸನ, ಒಂದು ಕಡೆ ಗೆಳೆಯ ಕರ್ಣ ಬಿದ್ದಿದ್ದಾರೆ. ಒಬ್ಬೊಬ್ಬರ ಎದುರು ನಿಂತಾಗಲೂ ತಾನು ಕಳೆದುಕೊಂಡದ್ದು ಏನೆಂಬುದು ಅವನಿಗೆ ಇನ್ನಷ್ಟು ನಿಚ್ಚಳವಾಗುತ್ತದೆ, ಆದರೂ ಛಲ ಬಿಡುವುದಿಲ್ಲ. ಕಾವ್ಯದ ನಾಯಕ ಭೀಮನೇ ಆದರೂ ಓದಿದವರ ಮನಸ್ಸಿನಲ್ಲಿ ಉಳಿಯುವವನು ಈ ದುರ್ಯೋಧನ.

ಜನಪದರಂತೂ ಶಾಸ್ತ್ರದ ಅಪ್ಪಣೆ ಕೇಳಲೇ ಇಲ್ಲ. ಉತ್ತರ ಕರ್ನಾಟಕದ ಕಥನಗೀತೆ ‘ಕೆರೆಗೆ ಹಾರ’ ಜತ್ತದಂಥ ಬರದ ಸೀಮೆಯವರ ಎದೆಗೆ ನೇರವಾಗಿ ನಾಟಬೇಕು. ಕಲ್ಲನಕೇರಿಯ ಮಲ್ಲನಗೌಡ ಕೆರೆ ಕಟ್ಟಿಸುತ್ತಾನೆ, ಹನಿ ನೀರು ಬೀಳುವುದಿಲ್ಲ. ಸೊಸೆಯನ್ನು ಬಲಿ ಕೊಡಬೇಕೆಂದು ಹೊತ್ತಿಗೆಯ ಮಾತು ಬರುತ್ತದೆ. ಸೊಸೆ ಭಾಗೀರಥಿ ತವರಿಗೆ ಹೋಗುತ್ತಾಳೆ. ಅಳು ಕಂಡ ತಂದೆತಾಯಿಗೆ ನಿಜ ಹೇಳದೆ, ಅತ್ತೆ ಮಾವ ಬೇರೆ ಇಡುತ್ತಾರಂತೆ ಎಂದು ಮುಚ್ಚಿಡುತ್ತಾಳೆ. ತಂದೆ ಹೊಲದ ಮಾತು ಆಡುತ್ತಾನೆ, ತಾಯಿ ಒಡವೆಯ ಮಾತು ಆಡುತ್ತಾಳೆ. ಗೆಳತಿಯೊಬ್ಬಳಿಗೆ ಮಾತ್ರ ಇದ್ದದ್ದು ಹೇಳುತ್ತಾಳೆ. ಆಮೇಲೆ ಪೂಜೆಗೆಂದು ಕೆರೆಗಿಳಿಯುತ್ತಾಳೆ, ಮೆಟ್ಟಿಲು ಮೆಟ್ಟಿಲಿಗೂ ನೀರು ಏರುತ್ತದೆ. ದಂಡಿನಿಂದ ಮರಳಿದ ಗಂಡ ಮಹಾದೇವರಾಯ ಸುದ್ದಿ ತಿಳಿದು ಅದೇ ಕೆರೆಗೆ ಹಾರುತ್ತಾನೆ. ಹಡಗು ಸಾಗಲು ಗಾಳಿ ಬೇಕೆಂದು ಮಗಳು ಇಫಿಜಿನೀಯಳನ್ನು ಬಲಿಗೆ ಒಪ್ಪಿಸಿದ ಗ್ರೀಕ್ ದೊರೆ ಅಗಮೆಮ್ನನ್ನನ ಕಥೆಗೂ ಇದಕ್ಕೂ ಎಷ್ಟು ಹತ್ತಿರ! ಊರಿಗೆ ನೀರು ಬಂತು, ಅದರ ಬೆಲೆ ಒಬ್ಬ ಹೆಣ್ಣುಮಗಳು. ಆ ಲೆಕ್ಕವನ್ನು ಯಾವ ಪುಣ್ಯದಿಂದಲೂ ಸರಿದೂಗಿಸಲು ಹಾಡು ಬಿಡುವುದಿಲ್ಲ.

ಹಾಗಾಗಿ ಇಪ್ಪತ್ತನೆಯ ಶತಮಾನದಲ್ಲಿ ಕನ್ನಡ ರಂಗಭೂಮಿ ದುರಂತದ ಕಡೆ ತಿರುಗಿದಾಗ ನೆಲ ಹದವಾಗಿಯೇ ಇತ್ತು. ಬಿ.ಎಂ. ಶ್ರೀಕಂಠಯ್ಯನವರು ರನ್ನನ ಕಾವ್ಯದಿಂದಲೇ 1926ರಲ್ಲಿ ‘ಗದಾಯುದ್ಧ ನಾಟಕಂ’ ರೂಪಿಸಿದರು. 1929ರ ‘ಅಶ್ವತ್ಥಾಮನ್’ನಲ್ಲಿ ಸೊಫೊಕ್ಲಿಸ್‌ನ ‘ಏಜಾಕ್ಸ್’ ನಾಟಕವನ್ನು ಮಹಾಭಾರತಕ್ಕೆ ಬೆಸೆದರು. ಪುರಾಣ ಚಿರಂಜೀವಿ ಎನ್ನುವ ಅಶ್ವತ್ಥಾಮ ಅಲ್ಲಿ ಸಾಯುತ್ತಾನೆ. ದುರಂತಕ್ಕೆ ಪುರಾಣವನ್ನೂ ಮೀರುವ ಹಕ್ಕಿದೆ ಎಂದು ಬಿ.ಎಂ.ಶ್ರೀ. ನಂಬಿದಂತಿದೆ. ಕುವೆಂಪು ಹ್ಯಾಮ್ಲೆಟ್‌ನ ಕಥೆಯನ್ನು ಬಿದನೂರಿನ ನೆಲಕ್ಕೆ ತಂದು ‘ರಕ್ತಾಕ್ಷಿ’ ಬರೆದರು, ಏಕಲವ್ಯನ ಬಗ್ಗೆ ‘ಬೆರಳ್‌ಗೆ ಕೊರಳ್’ ಬರೆದರು. ಸಂಸರು ಮೈಸೂರು ಅರಸರ ಚರಿತ್ರೆಯಿಂದ ‘ವಿಗಡ ವಿಕ್ರಮರಾಯ’ನನ್ನು ಎತ್ತಿಕೊಂಡರು. ನಿಮ್ಮ ಸೀಮೆಗೆ ಹತ್ತಿರದವರಾದ ಕಂದಗಲ್ಲ ಹನುಮಂತರಾಯರು ಅಶ್ವತ್ಥಾಮ ಮಲಗಿದ್ದ ಪಾಂಡವರ ಮಕ್ಕಳನ್ನು ಕೊಂದ ಆ ಕರಾಳ ರಾತ್ರಿಯನ್ನೇ ‘ರಕ್ತರಾತ್ರಿ’ಯಾಗಿ ಬರೆದು ಹಳ್ಳಿಹಳ್ಳಿಯ ರಂಗಕ್ಕೆ ಮುಟ್ಟಿಸಿದರು. ವಿಜಯಪುರದ ರಂಗಮಂದಿರಕ್ಕೆ ಅವರ ಹೆಸರೇ ಇದೆ. ಬಿ.ಎಂ.ಶ್ರೀ. ಅವರ ನಾಟಕ ಕಾಲೇಜುಗಳಲ್ಲಿ ಉಳಿಯಿತು, ಕಂದಗಲ್ಲರ ನಾಟಕ ಗುಡಿಯ ಮುಂದಿನ ಬಯಲಿಗೆ ಬಂತು. ದುರಂತ ಎಂಬುದು ಪಂಡಿತರ ಸೊತ್ತು ಎಂಬ ಮಾತಿಗೆ ‘ರಕ್ತರಾತ್ರಿ’ಯೇ ಉತ್ತರ.

ಇಷ್ಟಿದ್ದದ್ದು ಕ್ಷೀಣಿಸಿದ್ದೇಕೆ? ಯೂರೋಪಿನ ಉತ್ತರವನ್ನು ಮೊದಲು ನೋಡೋಣ. ಜಾರ್ಜ್ ಸ್ಟೈನರ್ 1961ರಲ್ಲಿ ‘ದ ಡೆತ್ ಆಫ್ ಟ್ರ್ಯಾಜಿಡಿ’ ಎಂಬ ಪುಸ್ತಕ ಬರೆದರು. ಹದಿನೇಳನೆಯ ಶತಮಾನದ ಫ್ರೆಂಚ್ ನಾಟಕಕಾರ ರಾಸೀನನ ನಂತರ ಆ ಪ್ರಕಾರ ಉಸಿರು ಕಳೆದುಕೊಂಡಿತು ಎಂಬುದು ಅವರ ವಾದ. ಮನುಷ್ಯನ ತಿಳಿವಿಗೆ ಸಿಗದ ಶಕ್ತಿಗಳಿವೆ ಎಂಬ ನಂಬಿಕೆ ಇದ್ದಾಗ ಮಾತ್ರ ದುರಂತ ಸಾಧ್ಯ, ಎಲ್ಲ ಕೇಡಿಗೂ ಪರಿಹಾರವಿದೆ ಎಂದು ವಿಚಾರವಾದ ಹೇಳಿದಾಗ ಅದರ ಬೇರು ಒಣಗಿತು ಎಂದರು. ಅದಕ್ಕೂ ಮೊದಲೇ, 1949ರಲ್ಲಿ, ಅಮೆರಿಕದ ಆರ್ಥರ್ ಮಿಲ್ಲರ್ ಬೇರೆ ದಾರಿ ತೋರಿಸಿದ್ದರು. ಅರಸನೇ ಬೇಕಿಲ್ಲ, ತನ್ನ ಮಾನಕ್ಕಾಗಿ ಜೀವ ಪಣಕ್ಕಿಡುವ ಸಾಮಾನ್ಯನೂ ದುರಂತ ನಾಯಕನಾಗಬಲ್ಲ ಎಂದು ವಾದಿಸಿದ್ದರು, ಅದೇ ವರ್ಷ ‘ಡೆತ್ ಆಫ್ ಎ ಸೇಲ್ಸ್‌ಮನ್’ ನಾಟಕದಲ್ಲಿ ಅದನ್ನು ಮಾಡಿಯೂ ತೋರಿಸಿದ್ದರು. ಸಂಗ್ಯಾನನ್ನು ಬಲ್ಲ ನಮಗೆ ಮಿಲ್ಲರ್ ಹೇಳಿದ್ದು ಹೊಸದಲ್ಲ.

ಕನ್ನಡದಲ್ಲಿ ಕಾರಣಗಳು ಬೇರೆ. ಮೊದಲನೆಯದು ಸುಧಾರಣೆಯ ಹಂಬಲ. ವರದಕ್ಷಿಣೆ, ಜಾತಿ, ವಿಧವೆಯರ ಪಾಡು, ಇವೆಲ್ಲ ಬದಲಾಗಬೇಕಾದ ಸಂಗತಿಗಳು. ಬದಲಾಗಬಲ್ಲದ್ದನ್ನು ವಿಧಿ ಎಂದು ಒಪ್ಪಿಕೊಳ್ಳುವುದು ಅನ್ಯಾಯವೆಂದು ನಾಟಕಕಾರರಿಗೆ ಅನ್ನಿಸಿತು, ಸರಿಯಾಗಿಯೇ ಅನ್ನಿಸಿತು. ಇಂಡಿ ತಾಲ್ಲೂಕಿನ ಅಗರಖೇಡದಲ್ಲಿ 1904ರಲ್ಲಿ ಹುಟ್ಟಿದ ಶ್ರೀರಂಗರು ರಂಗವನ್ನು ಸಮಾಜ ವಿಮರ್ಶೆಯ ಕಟ್ಟೆಯಾಗಿಸಿದರು. ಟಿ.ಪಿ. ಕೈಲಾಸಂ ಕನ್ನಡದಲ್ಲಿ ಮಧ್ಯಮವರ್ಗದ ಮನೆಗಳನ್ನು ನಗುನಗುತ್ತಲೇ ತೆರೆದಿಟ್ಟರು, ಕರ್ಣ, ಏಕಲವ್ಯ, ಕೀಚಕರ ದುರಂತಗಳನ್ನು ಮಾತ್ರ ಇಂಗ್ಲಿಷಿನಲ್ಲಿ ಬರೆದರು. ಆ ನಾಟಕಗಳು ಕನ್ನಡದಲ್ಲೇ ಹುಟ್ಟಿದ್ದರೆ ನಮ್ಮ ರಂಗಭೂಮಿಯ ದಾರಿ ಬೇರೆಯಾಗುತ್ತಿತ್ತು ಎಂಬುದು ನನ್ನ ದೃಢ ನಂಬಿಕೆ.

ಎರಡನೆಯದು 1970ರ ದಶಕದ ಸಿಟ್ಟು. ಜರ್ಮನ್ ನಾಟಕಕಾರ ಬ್ರೆಕ್ಟ್‌ನ ಪ್ರಭಾವ ಬಂತು, 1975ರಲ್ಲಿ ‘ಸಮುದಾಯ’ ರಂಗತಂಡ ಹುಟ್ಟಿತು, ಬೀದಿ ನಾಟಕ ಬಂತು. ಅತ್ತು ಹಗುರಾಗಿ ಮನೆಗೆ ಹೋಗುವ ಪ್ರೇಕ್ಷಕ ಈ ರಂಗಕರ್ಮಿಗಳಿಗೆ ಬೇಕಿರಲಿಲ್ಲ, ಎದ್ದು ಪ್ರಶ್ನೆ ಕೇಳುವವನು ಬೇಕಿತ್ತು. ತಪ್ಪು ವ್ಯವಸ್ಥೆಯದು ಎಂದಾದಾಗ ನಾಯಕನ ಒಳಗಿನ ಬಿರುಕು ನೋಡಲು ಯಾರಿಗೂ ವ್ಯವಧಾನ ಇರಲಿಲ್ಲ. ಆ ಸಿಟ್ಟು ಕನ್ನಡಕ್ಕೆ ದೊಡ್ಡ ಉಪಕಾರ ಮಾಡಿದೆ, ಒಂದು ಕಿಟಕಿಯನ್ನು ಮುಚ್ಚಿಯೂ ಇದೆ.

ಮೂರನೆಯದು ಹೊಟ್ಟೆಪಾಡು. ಬನಶಂಕರಿ ಜಾತ್ರೆಯಲ್ಲಿ ಸಾಲುಸಾಲಾಗಿ ಬೀಡು ಬಿಡುವ ಕಂಪನಿಗಳು ಟಿಕೆಟ್ಟಿನ ಹಣದಿಂದಲೇ ಕಲಾವಿದರ ಸಂಸಾರ ನಡೆಸಬೇಕು. ಸಿನೆಮಾ, ಟಿ.ವಿ., ಮೊಬೈಲಿನ ಎದುರು ಅವು ನಗೆಯ ಆಸರೆ ಹಿಡಿದದ್ದಕ್ಕೆ ನಾನು ದೂರುವುದಿಲ್ಲ. ನಾಲ್ಕನೆಯದು ದುರಂತ ಮನೆ ಬದಲಿಸಿದ್ದು. ಶಿವರಾಮ ಕಾರಂತರ ‘ಚೋಮನ ದುಡಿ’, ಮಾಸ್ತಿಯವರ ‘ಚಿಕವೀರ ರಾಜೇಂದ್ರ’ ಓದಿದವರಿಗೆ ಹೇಳಬೇಕಾಗಿಲ್ಲ. ಉಳಲು ತುಂಡು ನೆಲ ಬೇಕೆಂಬ ಚೋಮನ ಆಸೆಯೂ ಕೊಡಗಿನ ಕೊನೆಯ ದೊರೆಯ ಪತನವೂ ಕಾದಂಬರಿಯಾಗಿಯೇ ಬಂದವು. ಆದರೆ ಕಾದಂಬರಿಯನ್ನು ಒಬ್ಬರೇ ಕೂತು ಓದುತ್ತೇವೆ. ಊರಿಗೆ ಊರೇ ಒಂದೇ ಸಾವಿನ ಎದುರು ಕೂರುವ ಅನುಭವ ಪುಸ್ತಕದಲ್ಲಿ ಸಿಗುವುದಿಲ್ಲ.

ಹಾಗೆಂದು ಎಲ್ಲ ಮುಗಿದಿಲ್ಲ. ಗಿರೀಶ ಕಾರ್ನಾಡರ ‘ತುಘಲಕ್’ 1964ರದ್ದು. ಕನಸುಗಾರ ಸುಲ್ತಾನ ದೌಲತಾಬಾದಿನ ಕೋಟೆಯಲ್ಲಿ ಕೊನೆಗೆ ಸಾಯುವುದಿಲ್ಲ. ವರ್ಷಗಳಿಂದ ನಿದ್ದೆ ಇಲ್ಲದವನು ಪ್ರಾರ್ಥನೆಯ ಹೊತ್ತಿಗೆ ನಿದ್ದೆಗೆ ಜಾರಿ, ಎಚ್ಚೆತ್ತಾಗ ದಿಕ್ಕು ತಿಳಿಯದೆ ನೋಡುತ್ತಾನೆ. ಸಾವಿನ ಬಿಡುಗಡೆಯೂ ಸಿಗದ ಈ ಸ್ಥಿತಿ ನಮ್ಮ ಕಾಲದ ದುರಂತ. 1990ರ ದಶಕದಲ್ಲಿ ಬಂದ ಅವರ ‘ಅಗ್ನಿ ಮತ್ತು ಮಳೆ’ ಬರದ ನಾಡಿನಲ್ಲೇ ನಡೆಯುತ್ತದೆ. ಮಳೆಗಾಗಿ ಏಳು ವರ್ಷ ಯಜ್ಞ ನಡೆದಿದೆ. ಕೊನೆಗೆ ಇಂದ್ರ ಪ್ರಸನ್ನನಾಗಿ ವರ ಕೇಳು ಎನ್ನುತ್ತಾನೆ. ಅರವಸು ಕೊಲೆಯಾದ ತನ್ನ ನಿತ್ತಿಲೆಯನ್ನು ಮರಳಿ ಪಡೆಯಬಹುದು. ಅವಳಿಗಾಗಿ ಕಾಲವನ್ನು ಹಿಂದಕ್ಕೆ ತಿರುಗಿಸಿದರೆ ಒಬ್ಬ ಬ್ರಹ್ಮರಾಕ್ಷಸನಿಗೆ ಬಿಡುಗಡೆ ಇಲ್ಲ. ಅರವಸು ಬಿಡುಗಡೆಯನ್ನೇ ಕೇಳುತ್ತಾನೆ. ಮಳೆ ಬರುತ್ತದೆ, ನಿತ್ತಿಲೆ ಬರುವುದಿಲ್ಲ. ‘ಕೆರೆಗೆ ಹಾರ’ ಕೇಳಿ ಬೆಳೆದವರಿಗೆ ಈ ನಾಟಕ ಹೊರಗಿನದಲ್ಲ.

ನಿಮ್ಮ ಜಿಲ್ಲೆಗೂ ಈ ಕಥೆಯಲ್ಲಿ ಪಾಲಿದೆ. ಕರ್ನಾಟಕದಿಂದ ಬಂದ ಭಾಗವತ ಮೇಳದ ಆಟ ಸಾಂಗ್ಲಿಯ ದೊರೆಗೆ ಮೆಚ್ಚುಗೆಯಾದ ಮೇಲೆ ವಿಷ್ಣುದಾಸ ಭಾವೆ 1843ರಲ್ಲಿ ‘ಸೀತಾ ಸ್ವಯಂವರ’ ಆಡಿಸಿದರು, ಮರಾಠಿ ರಂಗಭೂಮಿ ಅಲ್ಲಿಂದ ಲೆಕ್ಕ ಹಿಡಿಯುತ್ತದೆ. ಅದೇ ಮರಾಠಿ 1919ರಲ್ಲಿ ಗಡಕರಿಯವರ ‘ಏಕಚ್ ಪ್ಯಾಲಾ’ದಲ್ಲಿ ಕುಡಿತಕ್ಕೆ ಬಲಿಯಾದ ಮನೆಯನ್ನು ತೋರಿಸಿತು, 1970ರಲ್ಲಿ ಶಿರವಾಡಕರರ ‘ನಟಸಮ್ರಾಟ್’ನಲ್ಲಿ ಮಕ್ಕಳ ಮನೆಯಲ್ಲಿ ಜಾಗ ಕಳೆದುಕೊಂಡ ಮುದಿ ನಟನನ್ನು ತೋರಿಸಿತು. ಎರಡೂ ಜನ ಮುಗಿಬಿದ್ದು ನೋಡಿದ ನಾಟಕಗಳು. ಎರಡೂ ಭಾಷೆ ಬಲ್ಲ ಜತ್ತದ ಪ್ರೇಕ್ಷಕನಿಗೆ ದುರಂತ ರುಚಿಸದು ಎಂದು ಯಾರೂ ಹೇಳುವಂತಿಲ್ಲ.

ನನ್ನ ತೀರ್ಮಾನ ಇಷ್ಟು. ದುರಂತ ನಾಟಕ ಸತ್ತಿಲ್ಲ, ಅದನ್ನು ಆಡುವ ಧೈರ್ಯ ತಗ್ಗಿದೆ. ಪ್ರತಿ ನಷ್ಟಕ್ಕೂ ಪರಿಹಾರಧನವಿದೆ, ಪ್ರತಿ ತಪ್ಪಿಗೂ ಬೇರೊಬ್ಬ ಹೊಣೆ ಎಂದು ನಂಬಿದ ಸಮಾಜಕ್ಕೆ ಈ ನಾಟಕ ಮೊದಲಿಗಿಂತ ಹೆಚ್ಚು ಬೇಕು. ಬೇರೆಯವರ ಮೇಲೆ ಕರುಣೆ, ತನ್ನ ಮೇಲೆ ಎಚ್ಚರ, ಎರಡನ್ನೂ ಒಟ್ಟಿಗೆ ಕಲಿಸುವ ಕಲೆ ಇನ್ನೊಂದಿಲ್ಲ.

ನಿಮ್ಮಲ್ಲಿ ಒಂದು ವಿನಂತಿ. ಮುಂದಿನ ಜಾತ್ರೆಗೆ ಊರ ಹುಡುಗರನ್ನು ಕೂಡಿಸಿ ‘ಸಂಗ್ಯಾ-ಬಾಳ್ಯಾ’ ಇಲ್ಲವೆ ‘ರಕ್ತರಾತ್ರಿ’ ಆಡಿಸಿ. ಸಮಯ ಸಾಲದೆಂದು ಹಾಸ್ಯದ ಭಾಗ ಉಳಿಸಿಕೊಂಡು ಕೊನೆಯನ್ನು ಕತ್ತರಿಸಬೇಡಿ. ಹಾಡು, ಮಾತು ಬಾಯಿಪಾಠವಿರುವ ಹಿರಿಯರು ಸುತ್ತಮುತ್ತ ಇದ್ದರೆ ಈಗಲೇ ಮೊಬೈಲಿನಲ್ಲಿ ಧ್ವನಿ ಮುದ್ರಿಸಿಟ್ಟುಕೊಳ್ಳಿ, ಕನ್ನಡ ಶಾಲೆಯ ಮಕ್ಕಳಿಗೆ ಕೇಳಿಸಿ. ಬರವನ್ನೂ ಗಡಿಯನ್ನೂ ಮೈಮೇಲೆ ಹೊತ್ತ ಜತ್ತ ಸೀಮೆಯಿಂದಲೇ ಮುಂದಿನ ದೊಡ್ಡ ದುರಂತ ನಾಟಕ ಬರಬಹುದು. ಅದನ್ನು ಬರೆಯುವವರು ಮೊದಲು ಈ ಹಳೆಯ ಆಟಗಳನ್ನು ಕೊನೆಯವರೆಗೂ ಕೂತು ನೋಡಿರಬೇಕು.